ನೀರು ಹಾಕಿ ತಿಕ್ಕುವ ಕೆಲಸ

ನಾನು ಅನಾನಸ್ ಹಣ್ಣು ತಿನ್ನುವುದಿಲ್ಲ. ಮನೆಯಲ್ಲಿ ಯಾರಾದರೂ ವಾಡಿ ಸ್ಟೇಶನ್ನಿನಿಂದ ತಂದು, ಹೆಚ್ಚಿ ತಟ್ಟೆಗೆ ಹಾಕಿಟ್ಟರೆ ಎದ್ದು ಹೊರಗೆ ಹೋಗುತ್ತೇನೆ. ಮೊಮ್ಮಕ್ಕಳಿಗೆ ಇದೊಂದು ತಮಾಷೆ. 'ಅಜ್ಜಗ ಹಣ್ಣಿನ ಮ್ಯಾಲೂ ಸಿಟ್ಟು' ಎಂದು ನಗುತ್ತಾರೆ. ನಗಲಿ. ಆ ಹಣ್ಣಿನ ಬಗ್ಗೆ ದಿಲ್ಲಿಯ ದೊಡ್ಡ ಕೋರ್ಟು ಒಮ್ಮೆ ಒಂದು ತೀರ್ಪು ಕೊಟ್ಟಿತ್ತು, ಆ ತೀರ್ಪನ್ನು ಹಿಡಿದುಕೊಂಡು ಶಹಾಬಾದಿನಲ್ಲಿ ನನ್ನ ಅಪ್ಪನ ಕೈಕೆಲಸಕ್ಕೆ ಕಿಮ್ಮತ್ತು ಇಲ್ಲದ ಹಾಗೆ ಮಾಡಿದರು, ಹಾಗೆ ಮಾಡಿದವರಲ್ಲಿ ನಾನೂ ಒಬ್ಬ ಎಂದು ಮಕ್ಕಳಿಗೆ ಹೇಗೆ ಹೇಳುವುದು? ಇದುವರೆಗೆ ಹೇಳಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪ ಪರಸಿ ಪಾಲಿಶ್ ಮಾಡುತ್ತಿದ್ದ. ನೆಲಕ್ಕೆ ಹಾಸುವ ಚಪ್ಪಟೆ ಕಲ್ಲಿಗೆ ನಮ್ಮ ಕಡೆ ಪರಸಿ ಎನ್ನುತ್ತಾರೆ. ಹೊರಗಿನವರಿಗೆ ಅದು ಶಹಾಬಾದ್ ಕಲ್ಲು. ಖಣಿಯಿಂದ ಎಬ್ಬಿಸಿ ತಂದಾಗ ಅದು ಒರಟು. ಅದರ ಮೇಲೆ ಮರಳು ಹಾಕಿ, ನೀರು ಬಿಟ್ಟು, ಹಿಡಿಕೆ ಕಟ್ಟಿದ ಇನ್ನೊಂದು ಕಲ್ಲಿನಿಂದ ತಿಕ್ಕಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಎದುರುಬದುರು ಕುಳಿತು ಒಬ್ಬ ದೂಡಬೇಕು, ಒಬ್ಬ ಎಳೆಯಬೇಕು. ಅಪ್ಪನ ಎದುರಿಗೆ ಕುಳಿತುಕೊಳ್ಳುತ್ತಿದ್ದವರು ನಾನು ಚಾಚಾ ಎಂದು ಕರೆಯುತ್ತಿದ್ದ ಒಬ್ಬ ಮುಸಲ್ಮಾನ ಹಿರಿಯರು. ಇಬ್ಬರೂ ಹರೆಯದಲ್ಲಿ ಒಂದೇ ದಿನ ಕೆಲಸಕ್ಕೆ ಸೇರಿದವರು. ಕೈ ಬದಲಾದರೆ ಕಲ್ಲಿಗೆ ಗೊತ್ತಾಗುತ್ತದೆ ಎಂದು ಇಬ್ಬರೂ ನಂಬಿದ್ದರು. ಚಾಚಾಗೆ ಜ್ವರ ಬಂದ ದಿನ ಅಪ್ಪ ಬೇರೆ ಯಾರೊಂದಿಗೂ ಕುಳಿತುಕೊಳ್ಳದೆ ಮರಳು ಸೋಸುತ್ತ ಕಾಲ ಕಳೆಯುತ್ತಿದ್ದ.

ಮರಳು ಅಂದರೆ ಯಾವುದೋ ಮರಳಲ್ಲ. ದಂಡೋತಿಯ ಹತ್ತಿರ ಕಾಗಿಣಾ ಹೊಳೆಯದೇ ಬೇಕು. ಮೊದಲ ಪಟ್ಟಿಗೆ, ಅಂದರೆ ಮೊದಲ ಸಲ ತಿಕ್ಕುವಾಗ, ದಪ್ಪ ಮರಳು, ಎರಡನೆಯದಕ್ಕೆ ಸಣ್ಣದು, ಕೊನೆಗೆ ಅವ್ವನ ಹಳೆಯ ಸೀರೆಯಲ್ಲಿ ಸೋಸಿದ ಹಿಟ್ಟಿನಂಥದ್ದು. ಆದರೆ ಇದೆಲ್ಲ ಆಮೇಲಿನ ಮಾತು. ಕಲ್ಲಿಗೆ ಕೈ ಹಚ್ಚುವ ಮೊದಲು ಅಪ್ಪ ಅದರ ಮೇಲೆ ಒಂದು ತಂಬಿಗೆ ನೀರು ಸುರಿದು ಸುಮ್ಮನೆ ಕುಳಿತುಬಿಡುತ್ತಿದ್ದ. ಬಿಸಿಲಿಗೆ ನೀರು ಆರುತ್ತ ಬರುತ್ತಿತ್ತು. ಒಳಗೆ ಸೀಳು ಇದ್ದರೆ ಅಲ್ಲಿ ಮಾತ್ರ ನೀರು ಆರದೆ ಕೂದಲಿನಷ್ಟು ತೆಳ್ಳಗೆ ಒಂದು ಕಪ್ಪು ಗೆರೆ ಉಳಿಯುತ್ತಿತ್ತು. ಅರೆಗಳಿಗೆ ತಡವಾದರೆ ಅದೂ ಮಾಯ. ಆ ಗೆರೆ ಕಾಣಬೇಕಾದರೆ ಕಣ್ಣು ತೆಗೆಯದೆ ಕಾಯಬೇಕು. ಕಂಡ ಕೂಡಲೇ ಇದ್ದಿಲಿನಿಂದ ಗುರುತು ಹಾಕಿ ಆ ಕಲ್ಲನ್ನು ಬೇರೆ ಇಡಿಸುತ್ತಿದ್ದ. ಅಪ್ಪ ಏನೂ ಮಾಡದೆ ಕುಳಿತಿದ್ದಾನೆ ಎಂದು ಕಂಡರೆ ಅವನ ದೊಡ್ಡ ಕೆಲಸ ಆಗಲೇ ನಡೆದಿದೆ ಎಂದು ತಿಳಿಯಬೇಕು. ಅವನು ಪಾಸು ಮಾಡಿದ ಪರಸಿ ಹಾಸಿದ ಮೇಲೆ ಸೀಳಿತು ಎಂದು ಯಾರೂ ಬಂದು ದೂರಿದ್ದು ನಾನು ಕೇಳಿಲ್ಲ. ಅದಕ್ಕೇ ಊರಿಗೆ ಊರೇ ಅವನನ್ನು ಉಸ್ತಾದ ಎಂದು ಕರೆಯುತ್ತಿತ್ತು. ಕಲ್ಲಿನ ಕಾರಖಾನೆ ನಡೆಸುತ್ತಿದ್ದ ಸಾಹುಕಾರರೂ ಹಾಗೇ ಕರೆಯುತ್ತಿದ್ದರು.

ಇನ್ನೊಂದು ಸಂಗತಿ ಹೇಳಬೇಕು. ಅಪ್ಪ ಓದು ಬಾರದವನಲ್ಲ. ನಿಜಾಮರ ಕಾಲದಲ್ಲಿ ಚಿತ್ತಾಪುರದ ಸಾಲೆಯಲ್ಲಿ ಉರ್ದು ಕಲಿತಿದ್ದ. ನಾನು ಸಣ್ಣವನಿದ್ದಾಗ ಓಣಿಯ ಮಂದಿ ಕಚೇರಿಯ ಕಾಗದ ಬಂದರೆ ನಮ್ಮ ಮನೆಗೇ ತರುತ್ತಿದ್ದರು. ಅಪ್ಪ ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಓದಿ ಅರ್ಥ ಹೇಳುತ್ತಿದ್ದ. ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಾಗದಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರತೊಡಗಿದವು. ಎಲ್ಲರ ಕಾಗದ ಓದುತ್ತಿದ್ದ ಮನುಷ್ಯ ಕೆಲವೇ ವರ್ಷಗಳಲ್ಲಿ ತನ್ನ ಕಾಗದ ಓದಿಸಿಕೊಳ್ಳಲು ಮಗನನ್ನು ಕರೆಯಬೇಕಾಯಿತು. ಅವನಿಗೆ ಇದರಿಂದ ಬೇಸರವಾದದ್ದನ್ನು ನಾನು ನೋಡಲಿಲ್ಲ. ಬದಲಿಗೆ ಹೆಮ್ಮೆ ಇತ್ತು. 'ನಮ್ಮಾಂವ ಇಂಗ್ಲೀಷ್ ಓದತಾನ' ಎಂದು ಚಾಚಾಗೆ ಹತ್ತು ಸಲ ಹೇಳುತ್ತಿದ್ದ. ನಾನು ಮೆಟ್ರಿಕ್ ಮುಗಿಸಿ, ಟೈಪಿಂಗ್ ಕಲಿತು, ಅದೇ ಸಾಹುಕಾರರ ಆಫೀಸಿನಲ್ಲಿ ಕಾರಕೂನನಾಗಿ ಸೇರಿಕೊಂಡಿದ್ದೆ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಹೊತ್ತಿಗೆ ನಮ್ಮ ಆಫೀಸಿಗೆ ಮಾರಾಟ ತೆರಿಗೆಯ ನೋಟೀಸು ಬಂತು. ಸಾಹುಕಾರರು ಚಿತ್ತಾಪುರದ ಸುತ್ತಿನ ಸಣ್ಣ ಖಣಿಗಳಿಂದ ಒರಟು ಪರಸಿ ಕೊಂಡು, ಪಾಲಿಶ್ ಮಾಡಿಸಿ ಮಾರುತ್ತಿದ್ದರು. ಖಣಿಯವರು ಮಾರುವಾಗಲೇ ಒಮ್ಮೆ ತೆರಿಗೆ ಕಟ್ಟಿ ಆಗಿರುತ್ತಿತ್ತು. ಅದೇ ಸರಕಿಗೆ ಎರಡನೆಯ ಸಲ ತೆರಿಗೆ ಇಲ್ಲ. ಆದರೆ ತೆರಿಗೆ ಅಧಿಕಾರಿಯ ವಾದವೇ ಬೇರೆ. ಒರಟು ಪರಸಿ ಒಂದು ಸರಕು, ಪಾಲಿಶ್ ಆದ ಪರಸಿ ಹೊಸದಾಗಿ ತಯಾರಾದ ಇನ್ನೊಂದು ಸರಕು, ಆದ್ದರಿಂದ ಇನ್ನೊಮ್ಮೆ ಕಟ್ಟಿ, ಹಿಂದಿನ ವರ್ಷಗಳದ್ದೂ ಸೇರಿಸಿ ಕಟ್ಟಿ ಎಂದು ಅವರು ಬರೆದಿದ್ದರು.

ಕಲಬುರ್ಗಿಯಿಂದ ವಕೀಲರು ಬಂದರು. ತೆರಿಗೆಯ ಕೇಸುಗಳಲ್ಲೇ ಪಳಗಿದವರು, ಬಾಯಿ ತುಂಬ ಎಲೆ ಅಡಿಕೆ. ಸಾಹುಕಾರರು ಅಪ್ಪನನ್ನೂ ಕರೆಸಿದರು. ಆಫೀಸಿನೊಳಗೆ ಅಪ್ಪನಿಗೆ ಕುರ್ಚಿ ಹಾಕಿದ್ದು ಅದೇ ಮೊದಲು.

ವಕೀಲರು ಹೇಳಿದರು: "ನೋಡ್ರಿ ಉಸ್ತಾದ್ರೇ, ದಿಲ್ಲಿ ಕೋರ್ಟಿನಾಗ ಒಂದು ಕೇಸ್ ಆಗ್ಯಾದ. ವೀಳ್ಯದೆಲಿ ಕಾಯಿಪಲ್ಯ ಹೌದೋ ಅಲ್ಲೋ ಅಂತ. ಕಾಯಿಪಲ್ಯಕ್ಕ ತೆರಿಗಿ ಮಾಫಿ ಇತ್ತು. ವ್ಯಾಪಾರಿ ಅಂದಾ, ಎಲಿನೂ ಗಿಡದಾಗೇ ಬೆಳೀತದ, ಅದೂ ಕಾಯಿಪಲ್ಯಾನೇ ಅಂತ. ಕೋರ್ಟು ಏನಂತು? ಪುಸ್ತಕದಾಗ ಏನ್ ಬರದಾರ ಅದು ಬ್ಯಾಡ, ಮಾರೋ ಮಂದಿ, ಬಳಸೋ ಮಂದಿ ಏನಂತಾರ ಅದು ಹೇಳ್ರಿ. ಎಲಿನ್ನ ಯಾರೂ ಕಾಯಿಪಲ್ಯ ಅನ್ನಂಗಿಲ್ಲ. ಮುಗೀತು."

ಅಪ್ಪ ವಕೀಲರ ಕೆಂಪು ಬಾಯನ್ನೇ ನೋಡಿದ. "ಇಷ್ಟು ಹೇಳಲಿಕ್ಕ ದಿಲ್ಲಿ ತನಕ ಹೋಗಬೇಕಾಗಿತ್ತೇನ್ರಿ? ಸಂತ್ಯಾಗ ಕುಂತ ಮುದುಕಿನ್ನ ಕೇಳಿದ್ರ ಪುಕ್ಕಟ ಹೇಳತಿದ್ಲು."

ಎಲ್ಲರೂ ನಕ್ಕೆವು. ವಕೀಲರು ಮೇಜು ಬಡಿದರು. "ಭೇಷ್! ಆ ಮುದುಕಿ ಮಾತೇ ಖರೇ ಅಂತ ದಿಲ್ಲಿಯವ್ರು ಅಂದದ್ದು. ಈಗ ಪರಸಿ ಬಗ್ಗೆ ಆ ಮಾತು ನೀವು ಹೇಳಬೇಕು. ಪಾಲಿಶ್ ಆದ ಮ್ಯಾಲ ನಿಮ್ಮ ಮಂದಿ ಅದಕ್ಕ ಏನಂತಾರ?"

"ಏನಂತಾರ್ರಿ? ಒರಟಿದ್ರೂ ಪರಸಿ, ನುಣ್ಣಗಿದ್ರೂ ಪರಸಿ."

ಇದು ನಿಜ. ಇದರಲ್ಲಿ ಸುಳ್ಳಿನ ಸುಳಿವೂ ಇಲ್ಲ. ಅಪ್ಪ ಹೇಳಿದ್ದು ಇಷ್ಟೇ ಎಂದು ನಾನು ಇವತ್ತಿಗೂ ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಆ ಹೊತ್ತು ಸಾಹುಕಾರರು ಎದ್ದು ಬಂದು ಅಪ್ಪನ ಕೈ ಹಿಡಿದುಕೊಂಡರು.

"ಉಸ್ತಾದ್ರೇ, ಈ ತೆರಿಗಿ ಕುಂತ್ರ ನಾನು ಪಾಲಿಶ್ ಬಂದ್ ಮಾಡಬೇಕಾಗ್ತದ. ಒರಟ ಕಲ್ಲೇ ಲಾರಿಗಿ ಹಾಕಿ ಕಳಸ್ತೀನಿ. ನಿಮ್ಮ ಮಂದಿ ಎಲ್ಲಿಗಿ ಹೋಗ್ಬೇಕು? ನೀವೊಂದು ಹಲಫನಾಮಾ ಬರಕೊಡ್ರಿ. ಕೇಸ್ ಗೆದ್ದ ದಿನ ಪಾಲಿಶಿನವ್ರಿಗಿ ಕುಶಲ ಕೆಲಸಗಾರರ ಪಗಾರ ನಾನೇ ಕೊಡ್ತೀನಿ. ನನ್ನ ಜಬಾನ್ ಇದು."

ಅಪ್ಪನಿಗೆ ಜಬಾನ್ ಎಂದರೆ ಮುಗಿಯಿತು. ಮಾತು ಕೊಟ್ಟವನು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದುಂಟು ಎಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಅಂದಿನ ಪಗಾರ ಮಣ್ಣು ಹೊರುವವರಿಗೂ ಪಾಲಿಶ್ ಮಾಡುವವರಿಗೂ ಒಂದೇ. ಅವನಿಗೆ ಚುಚ್ಚುತ್ತಿದ್ದುದು ಹಣದ ಕೊರತೆಗಿಂತ ಹೆಚ್ಚಾಗಿ ಅದೇ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಬರೆದಿದ್ದುದು 'ಕೂಲಿ' ಎಂದು. ಅದು ಹೋಗಿ 'ಕುಶಲ' ಎಂದು ಬರೆಯುವುದನ್ನು ಕಣ್ಣಾರೆ ನೋಡಬೇಕು ಎಂದು ಚಾಚಾಗೂ ಅವನಿಗೂ ಆಸೆ ಇತ್ತು.

ವಕೀಲರು ಆ ಹಲಫನಾಮಾ, ಅಂದರೆ ಅಫಿಡವಿಟ್ಟನ್ನು, ಇಂಗ್ಲಿಷಿನಲ್ಲಿ ಬರೆಸಿದರು. ಟೈಪು ಮಾಡಿದವನು ನಾನು. ಅಪ್ಪ ಹೇಳಿದ ಮಾತೆಲ್ಲ ಅದರಲ್ಲಿ ಇತ್ತು. ಆದರೆ ಕೊನೆಯಲ್ಲಿ ಅವನು ಹೇಳದ ಎರಡು ಸಾಲು ಇದ್ದವು: ಪಾಲಿಶ್ ಎಂದರೆ ನೀರು ಹಾಕಿ ತಿಕ್ಕುವುದು ಮಾತ್ರ, ಅದರಿಂದ ಕಲ್ಲು ಮೊದಲಿದ್ದ ಕಲ್ಲಾಗಿಯೇ ಉಳಿಯುತ್ತದೆ. ಅದಕ್ಕೆ ವಿಶೇಷ ಕೌಶಲ ಏನೂ ಬೇಕಿಲ್ಲ, ಯಾವ ಕೂಲಿಯಾಳು ಬೇಕಾದರೂ ಮಾಡಬಲ್ಲ.

ಟೈಪು ಮಾಡುವಾಗ ನನ್ನ ಬೆರಳು ನಿಂತದ್ದು ನೆನಪಿದೆ. ವಕೀಲರನ್ನು ಕೇಳಿದೆ, ಇದು ಬೇಕೇನ್ರಿ ಎಂದು. "ಬೇಕಪಾ. ಕೆಲಸ ಎಷ್ಟು ಸಣ್ಣದು ಅಂತ ತೋರಸ್ತೀವೋ ಅಷ್ಟು ಕೇಸ್ ಗಟ್ಟಿ. ತೆರಿಗಿ ಆಫೀಸಿನ ಹೊರಗ ಈ ಕಾಗದ ಯಾರು ನೋಡ್ತಾರ?" ಎಂದರು. ಅಷ್ಟಕ್ಕೇ ನಾನು ಸುಮ್ಮನಾದೆ. ಸಾಹುಕಾರರು ಆ ವಾರವೇ ನನ್ನನ್ನು ಒಳಗೆ ಕರೆದು, ಹೆಡ್ ಕಾರಕೂನರಿಗೆ ವಯಸ್ಸಾಯಿತು, ಆ ಜಾಗ ನಿನ್ನದೇ ಎಂದು ತಿಳಿದುಕೋ ಎಂದಿದ್ದರು. ನೆಪ ಹೇಳುವುದಿಲ್ಲ. ನನಗೆ ಆ ಕುರ್ಚಿ ಬೇಕಾಗಿತ್ತು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಾಗದ ಹಿಡಿದು ಪಾಲಿಶಿನ ಚಪ್ಪರಕ್ಕೆ ಹೋದೆ. ಅಪ್ಪ ಕೈ ತೊಳೆದುಕೊಂಡು, ತಲೆಗೆ ರುಮಾಲು ಸುತ್ತಿಕೊಂಡು ಕುಳಿತ. "ಹಲಫನಾಮಾ ಅಂದ್ರ ದೇವರ ಮುಂದ ಹೇಳಿದಂಗ. ಸಾವಕಾಶ ಓದು" ಎಂದ. ನಾನು ಒಂದೊಂದೇ ಸಾಲಿಗೆ ಬೆರಳಿಟ್ಟು ಕನ್ನಡದಲ್ಲಿ ಅರ್ಥ ಹೇಳಿದೆ. ಎಷ್ಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದಾನೆ, ಪರಸಿಗೆ ಮಂದಿ ಏನೆನ್ನುತ್ತಾರೆ, ಎಲ್ಲ ಹೇಳಿದೆ. ಕೊನೆಯ ಎರಡು ಸಾಲು ಬಂದಾಗ ಬೆರಳು ತೆಗೆದೆ.

ಆರುವ ನೀರಿನಲ್ಲಿ ಕೂದಲಿನಂಥ ಗೆರೆ ಕಾಣುವ ಮನುಷ್ಯ ಅವನು. "ಇಷ್ಟೇ ಏನು? ಕೆಳಗ ಇನ್ನಾ ಎರಡು ಸಾಲು ಅವಲ್ಲ."

"ಅದು ಕಾನೂನಿನ ಮಾಮೂಲಿ ಮಾತು ಯಪ್ಪಾ. ಎಲ್ಲಾ ಕಾಗದದಾಗೂ ಇರ್ತದ."

ಅವನು ನನ್ನ ಮುಖ ನೋಡಿದ. ಆಮೇಲೆ ಪೆನ್ನು ತೆಗೆದುಕೊಂಡು, ಬಲದಿಂದ ಎಡಕ್ಕೆ, ಉರ್ದುವಿನಲ್ಲಿ ಸಹಿ ಹಾಕಿದ. ಅದರ ಕೆಳಗೆ, ಈ ಕಾಗದದಲ್ಲಿರುವುದನ್ನೆಲ್ಲ ಸಹಿ ಮಾಡಿದವರಿಗೆ ಅವರ ಭಾಷೆಯಲ್ಲಿ ಪೂರ್ತಿ ಓದಿ ಹೇಳಿದ್ದೇನೆ ಎಂದು ಬರೆದ ಜಾಗದಲ್ಲಿ ನಾನು ಸಹಿ ಮಾಡಿದೆ.

ಕೇಸು ವರ್ಷಗಟ್ಟಲೆ ನಡೆಯಿತು. ಒಬ್ಬ ಅಧಿಕಾರಿ ಒಲ್ಲೆ ಎಂದ, ಮೇಲಿನವನು ನೋಡೋಣ ಎಂದ, ಕಾಗದ ಬೆಂಗಳೂರಿನ ತೆರಿಗೆ ನ್ಯಾಯಮಂಡಳಿಗೆ ಹೋಗಿ ಕುಳಿತುಕೊಂಡಿತು. ಅಷ್ಟರಲ್ಲಿ ನನ್ನ ಮದುವೆಯಾಯಿತು, ಅವ್ವ ತೀರಿಕೊಂಡಳು. ಹಾಜರಿ ಪುಸ್ತಕದಲ್ಲಿ ಅಪ್ಪ ಇನ್ನೂ ಕೂಲಿಯೇ ಆಗಿದ್ದ. ಒಂದು ದಿನ ವಕೀಲರಿಂದ ಟ್ರಂಕ್ ಕಾಲ್ ಬಂತು. ಖುಷಿಯಿಂದ ಅವರ ದನಿ ಫೋನಿನ ಹೊರಗೂ ಕೇಳುತ್ತಿತ್ತು. ದಿಲ್ಲಿಯ ಕೋರ್ಟು ಅನಾನಸ್ ಹಣ್ಣಿನ ಕೇಸಿನಲ್ಲಿ ತೀರ್ಪು ಕೊಟ್ಟಿದೆ: ಸಿಪ್ಪೆ ತೆಗೆದು, ಹೆಚ್ಚಿ, ಸಕ್ಕರೆ ಪಾಕ ಹಾಕಿ ಡಬ್ಬಿಯಲ್ಲಿ ತುಂಬಿದರೂ ಅನಾನಸ್ ಅನಾನಸ್ಸೇ, ಬೇರೆ ಸರಕಾಗಲಿಲ್ಲ. "ಹಣ್ಣು ಹಣ್ಣೇ ಅಂದ ಮ್ಯಾಲ ಕಲ್ಲು ಕಲ್ಲೇ. ನಾವು ಗೆದ್ದಂಗೇ ಅಂತ ತಿಳಕೋ" ಎಂದರು.

ಹಾಗೇ ಆಯಿತು. ನಾನೂ ಫೈಲು ಹೊತ್ತು ಬೆಂಗಳೂರಿಗೆ ಹೋಗಿದ್ದೆ. ವಿಚಾರಣೆಯ ಹಿಂದಿನ ಸಂಜೆ ವಸತಿಗೃಹದ ಜಗಲಿಯಲ್ಲಿ ಕುಳಿತು ವಕೀಲರನ್ನು ಕೇಳಿದೆ, ಹಾಗಾದರೆ ಹಣ್ಣು ಹೆಚ್ಚುವವರ ಕೆಲಸ ಕೆಲಸವೇ ಅಲ್ಲವೇ ಎಂದು. ಅವರು ನಕ್ಕರು. "ಯಾಕಲ್ಲ? ಕೋರ್ಟು ಹೇಳಿದ್ದು ಹಣ್ಣಿನ ಬಗ್ಗೆ, ಕೈ ಬಗ್ಗೆ ಅಲ್ಲಪಾ. ಸರಕು ಹೊಸಾದು ಹೌದೋ ಅಲ್ಲೋ ಅನ್ನೋದು ತೆರಿಗಿ ಮಾತು. ಕೈಯಾಗ ಕಸಬು ಅದನೋ ಇಲ್ಲೋ ಅನ್ನೋದೇ ಬ್ಯಾರೆ." ಈ ಮಾತನ್ನು ಓದುಗರು ನೆನಪಿಡಬೇಕು. ನಾನು ನೆನಪಿಟ್ಟಿದ್ದೆ, ಬೇಕಾದ ಹೊತ್ತಿನಲ್ಲಿ ಹೊರಗೆ ತೆಗೆಯಲಿಲ್ಲ ಅಷ್ಟೇ.

ನ್ಯಾಯಮಂಡಳಿಯ ಆದೇಶದಲ್ಲಿ ದಿಲ್ಲಿಯ ತೀರ್ಪಿನ ಜೊತೆಗೆ ಅಪ್ಪನ ಅಫಿಡವಿಟ್ಟಿನ ಪ್ರಸ್ತಾಪವೂ ಇತ್ತು. ಹಲವು ವರ್ಷಗಳಿಂದ ಈ ಕಸಬಿನಲ್ಲಿ ನುರಿತ ವ್ಯಕ್ತಿಯ ಮಾತಾದ್ದರಿಂದ ನಂಬಬಹುದು ಎಂದು ಬರೆದಿದ್ದರು. ಈ ಕೆಲಸಕ್ಕೆ ಕೌಶಲ ಬೇಕಿಲ್ಲ ಎಂದು ಹೇಳಿಸಲು ಅವರಿಗೆ ಒಬ್ಬ ಕುಶಲ ಮನುಷ್ಯನೇ ಬೇಕಾಗಿದ್ದ. ಆದರೂ ನನಗೆ ದಿಲ್ಲಿಯ ಮೇಲೆ ಸಿಟ್ಟಿಲ್ಲ. ಅವರು ಹಣ್ಣಿನ ವಿಷಯದಲ್ಲಿ ಸರಿಯಾದ ಮಾತನ್ನೇ ಆಡಿದರು. ನಮ್ಮನ್ನು ಅವರು ಕಂಡವರೇ ಅಲ್ಲ.

ಶಹಾಬಾದಿನಲ್ಲಿ ಸಾಹುಕಾರರು ಪೇಢೆ ಹಂಚಿದರು. ನನಗೆ ಹೆಡ್ ಕಾರಕೂನರ ಕುರ್ಚಿ ಬಂತು. ಅಪ್ಪನಿಗೆ ಒಂದು ಶಾಲು. ಅಪ್ಪ ಅದನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, "ಸಾಹುಕಾರ್ರೆ, ನಮ್ಮ ಮಂದಿ ಪಗಾರದ ಮಾತು?" ಎಂದ. ಸಾಹುಕಾರರು, "ಆಗ್ಲಿ, ನೋಡೋಣ್ರಿ" ಎಂದರು. ಆಮೇಲೆ ಆ ವರ್ಷವೆಲ್ಲ ಅದೇ ಉತ್ತರ. ನೋಡೋಣ್ರಿ. ಜಬಾನ್ ಕೊಟ್ಟ ದಿನ ಹಿಡಿದಿದ್ದ ಕೈ ಈಗ ಅಪ್ಪನನ್ನು ಕಂಡರೆ ಟೇಬಲ್ಲಿನ ಮೇಲಿನ ಕಾಗದ ಹುಡುಕುತ್ತಿತ್ತು. ಅದೇ ಹೊತ್ತಿಗೆ ಸರಕಾರ ಕಲ್ಲಿನ ಕೆಲಸದವರಿಗೆ ಹೊಸ ಪಗಾರದ ಪಟ್ಟಿ ಹೊರಡಿಸಿತು. ಕುಶಲರಿಗೆ ಬೇರೆ, ಉಳಿದವರಿಗೆ ಬೇರೆ. ಪಾಲಿಶಿನವರೆಲ್ಲ ಸೇರಿ, ನಾವು ಕುಶಲರು, ನಮ್ಮನ್ನು ಆ ಪಟ್ಟಿಗೆ ಸೇರಿಸಿ ಎಂದು ಕಲಬುರ್ಗಿಯ ಲೇಬರ್ ಆಫೀಸರರಿಗೆ ಅರ್ಜಿ ಕೊಟ್ಟರು. ಮೊದಲ ಸಹಿ ಅಪ್ಪನದು, ಎರಡನೆಯದು ಚಾಚಾದು. ಎರಡೂ ಉರ್ದುವಿನಲ್ಲಿ.

ವಿಚಾರಣೆಯ ಹಿಂದಿನ ದಿನ ಸಾಹುಕಾರರು ಹೇಳಿದರು: "ತಮ್ಮಾ, ಹಳೀ ಸೇಲ್ಸ್ ಟ್ಯಾಕ್ಸ್ ಫೈಲೂ ತಗೊಂಡ್ ಬಾ." ಯಾಕೆ ಎಂದು ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ. ಅದನ್ನು ಕಪಾಟಿನಿಂದ ತೆಗೆದು ಚೀಲಕ್ಕೆ ಹಾಕಿಕೊಂಡೆ. ಮರುದಿನ ಬೆಳಿಗ್ಗೆ ಶಹಾಬಾದಿನಲ್ಲಿ ರೈಲು ಹತ್ತಿದಾಗ ಅಪ್ಪ, ಚಾಚಾ ಮತ್ತು ಉಳಿದವರು ಹಿಂದಿನ ಡಬ್ಬಿಯಲ್ಲಿದ್ದರು. ಅಪ್ಪ ಕಿಟಕಿಯಿಂದ ಕೈ ಮಾಡಿ, "ರೊಟ್ಟಿ ಕಟಗೊಂಡ್ ಬಂದೀನಿ, ಮಧ್ಯಾಹ್ನ ಬಾ" ಎಂದ. ನಾನು ಎದುರು ಪಾರ್ಟಿಯವನು ಎಂದು ಅವನಿಗೆ ಅನ್ನಿಸಿಯೇ ಇರಲಿಲ್ಲ.

ಲೇಬರ್ ಆಫೀಸರರು ಬೆಂಗಳೂರು ಕಡೆಯವರು, ಸಾವಧಾನದ ಮನುಷ್ಯ. ಅಪ್ಪನ ಮಾತನ್ನೆಲ್ಲ ಆಸಕ್ತಿಯಿಂದ ಕೇಳಿದರು. ಮರಳಿನ ಮೂರು ಪಟ್ಟಿ, ನೀರು ಸುರಿದು ಸೀಳು ಹಿಡಿಯುವುದು, ಎಲ್ಲವನ್ನೂ ಅಪ್ಪ ಕೈಯಾಡಿಸಿ ವಿವರಿಸಿದ. ಅವರು ಬರೆದುಕೊಂಡರು. ಆಗ ನಮ್ಮ ಸಾಹುಕಾರರ ಕಡೆಯ ವಕೀಲರು ಎದ್ದರು. ಇವರು ಬೇರೆಯವರು, ಎಲೆ ಹಾಕದವರು. ಅಫಿಡವಿಟ್ಟು, ನ್ಯಾಯಮಂಡಳಿಯ ಆದೇಶ ಎರಡನ್ನೂ ಮುಂದಿಟ್ಟು, ಈ ಕೆಲಸಕ್ಕೆ ಕೌಶಲ ಬೇಡ ಎಂಬುದು ದಿಲ್ಲಿಯ ಕೋರ್ಟಿನ ತೀರ್ಪಿನ ಆಧಾರದ ಮೇಲೆ ಆಗಲೇ ತೀರ್ಮಾನವಾಗಿದೆ, ಅರ್ಜಿದಾರರ ಮುಖಂಡರೇ ಪ್ರಮಾಣ ಮಾಡಿ ಹೇಳಿದ್ದಾರೆ ಎಂದರು.

ಆಫೀಸರರು ಕಾಗದವನ್ನು ಓದಿ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದರು. "ನೀರು ಹಾಕಿ ತಿಕ್ಕುವ ಕೆಲಸ. ಕಲ್ಲು ಮೊದಲಿದ್ದ ಕಲ್ಲಾಗಿಯೇ ಉಳಿಯುತ್ತದೆ. ವಿಶೇಷ ಕೌಶಲ ಏನೂ ಬೇಕಿಲ್ಲ. ಯಾವ ಕೂಲಿಯಾಳು ಬೇಕಾದರೂ ಮಾಡಬಲ್ಲ." ಆಮೇಲೆ ಕನ್ನಡಕ ತೆಗೆದು ಅಪ್ಪನನ್ನು ಕೇಳಿದರು: "ಇದು ನಿಮ್ಮ ಸಹಿಯೇ?"

"ಹೌದ್ರಿ, ನಂದೇ."

"ಇದು ಇಂಗ್ಲಿಷಿನಲ್ಲಿದೆ. ನಿಮಗೆ ಇದನ್ನು ಓದಿ ಹೇಳಿದ್ದರೇ? ಈ ಕೊನೆಯ ಸಾಲುಗಳನ್ನೂ ಹೇಳಿದ್ದರೇ? ನೆನಪು ಮಾಡಿಕೊಂಡು ಹೇಳಿ. ಓದಿ ಹೇಳಿದ್ದೇನೆ ಎಂದು ಇಲ್ಲಿ ಇನ್ನೊಬ್ಬರ ಸಹಿ ಇದೆ."

ಆ ಇನ್ನೊಬ್ಬರು ನಾಲ್ಕು ಮಾರು ದೂರದಲ್ಲಿ ಫೈಲು ಹಿಡಿದು ನಿಂತಿದ್ದರು. ಅಪ್ಪ ನನ್ನನ್ನು ನೋಡಿದ. ಒಂದೇ ಮಾತು ಸಾಕಿತ್ತು. ಇಲ್ಲ, ಹೇಳಲಿಲ್ಲ, ಮಗ ಮುಚ್ಚಿಟ್ಟ ಎಂದಿದ್ದರೆ ಆ ಕಾಗದ ಅಲ್ಲೇ ಕಸವಾಗುತ್ತಿತ್ತು. ಅದರ ಜೊತೆಗೆ ನಾನೂ. ಸುಳ್ಳು ಪ್ರಮಾಣಕ್ಕೆ ಸಹಿ ಮಾಡಿದವನ ಗತಿ ಏನಾಗುತ್ತದೆ ಎಂದು ಇಷ್ಟು ವರ್ಷ ಕಚೇರಿ ನೋಡಿದ ನನಗೂ ಗೊತ್ತಿತ್ತು, ಒಂದು ಕಾಲಕ್ಕೆ ಊರ ಕಾಗದವೆಲ್ಲ ಓದಿದ್ದ ಅವನಿಗೂ ಗೊತ್ತಿತ್ತು.

"ಓದಿ ಹೇಳ್ಯಾರ್ರಿ" ಎಂದ ಅಪ್ಪ. "ಎಲ್ಲಾ ಓದಿ ಹೇಳ್ಯಾರ. ನಾನೇ ತಿಳದು ಸಹಿ ಮಾಡೀನಿ."

ಚಾಚಾ ಅವನ ತೋಳು ಹಿಡಿದು ಎಳೆದರು. "ಏನ್ ಮಾಡಿದಿ ಉಸ್ತಾದ್? ಏನ್ ಮಾಡಿದಿ ಭೈ?"

ಇನ್ನೂ ಹೊತ್ತು ಮೀರಿರಲಿಲ್ಲ. ಹಣ್ಣಿನ ಮಾತು ಬೇರೆ, ಕೈಯ ಮಾತು ಬೇರೆ ಎಂಬ ಆ ಒಂದು ಮಾತು ನನ್ನ ಬಾಯಲ್ಲಿ ಇತ್ತು. ಅಲ್ಲಿದ್ದ ಕಲ್ಲು ಕೆಲಸದವರಿಗೆ ವಕೀಲರು ಇರಲಿಲ್ಲ. ಅವರ ಪರವಾಗಿ ಅದನ್ನು ಹೇಳಬಲ್ಲವನು ಅಲ್ಲಿ ನಾನೊಬ್ಬನೇ. ಸ್ವಾಮೀ, ಆ ತೀರ್ಪು ತೆರಿಗೆಗೆ ಸಂಬಂಧಿಸಿದ್ದು, ಪಗಾರಕ್ಕಲ್ಲ ಎಂದು ಹೇಳಲು ಎಷ್ಟು ಉಸಿರು ಬೇಕು? ಸಾಹುಕಾರರು ನನ್ನ ಪಕ್ಕದಲ್ಲೇ ಕುಳಿತಿದ್ದರು. ನಾನು ಫೈಲಿನ ದಾರ ಕಟ್ಟಿದೆ.

ಅರ್ಜಿ ವಜಾ ಆಯಿತು. ಮಧ್ಯಾಹ್ನ ರೊಟ್ಟಿ ತಿನ್ನಲು ನಾನು ಹೋಗಲಿಲ್ಲ. ಮಗನ ಕುರ್ಚಿಗೋಸ್ಕರ ಉಸ್ತಾದ ನಮ್ಮನ್ನು ಮಾರಿದ ಎಂದು ಚಪ್ಪರದ ಮಂದಿ ತೀರ್ಮಾನಿಸಿದರು. ಅಪ್ಪ ಹಾಗಲ್ಲ ಎಂದು ಯಾರಿಗೂ ಹೇಳಲಿಲ್ಲ, ಏಕೆಂದರೆ ಹೇಳಿದರೆ ನನ್ನ ಹೆಸರು ಬರುತ್ತಿತ್ತು. ಚಾಚಾ ಒಂದು ತಿಂಗಳೊಳಗೆ ಸೇಡಂ ಕಡೆಯ ಬೇರೆ ಖಣಿಗೆ ಹೊರಟುಹೋದರು. ಹೋಗುವ ದಿನ ನಮ್ಮ ಮನೆಯ ಮುಂದೆಯೇ ಹಾದುಹೋದರು, ಒಳಗೆ ಬರಲಿಲ್ಲ. ಎದುರಿಗೆ ಕೂರುವ ಕೈ ಇಲ್ಲದ ಮೇಲೆ ಅಪ್ಪನೂ ಕೆಲಸ ಬಿಟ್ಟ. ಸಾಹುಕಾರರಿಗೆ ಮಾತ್ರ ಏನೂ ಆಗಿರಲಿಲ್ಲ. ಬಜಾರದಲ್ಲಿ ಸಿಕ್ಕಾಗೆಲ್ಲ, "ಬರ್ರಿ ಉಸ್ತಾದ್ರೇ, ಕುಂದ್ರಿ, ಚಹಾ ಕುಡೀರಿ" ಎನ್ನುತ್ತಿದ್ದರು. ಆ ನಾಲಿಗೆ ಹೇಗೆ ಹೊರಳುತ್ತಿತ್ತೋ ನನಗೆ ತಿಳಿಯದು. ಅವರನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುವ ವಿಚಾರವೂ ಇಲ್ಲ. ಆದರೆ ಅವರ ಆಫೀಸಿಗೆ ದಿನಾ ಹೋಗುತ್ತಿದ್ದೆ, ಅದೂ ನಿಜ.

ಆ ಕಾಗದದ ಬಗ್ಗೆ ಅಪ್ಪ ನನ್ನೊಂದಿಗೆ ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ಹೊಡೆದಿದ್ದರೆ ಇನ್ನೂ ಒಳ್ಳೆಯದಾಗುತ್ತಿತ್ತು. ಅವನು ಮೊದಲಿನಂತೆಯೇ ಊಟಕ್ಕೆ ಕರೆಯುತ್ತಿದ್ದ, ಮೊಮ್ಮಗನನ್ನು ಎತ್ತಿಕೊಂಡು ಸ್ಟೇಶನ್ನಿಗೆ ಹೋಗಿ ಗಾಡಿ ತೋರಿಸಿಕೊಂಡು ಬರುತ್ತಿದ್ದ. ಯಾರಾದರೂ ಕಾಗದ ಬಂದಿದೆ ಎಂದರೆ ಮಾತ್ರ ನನ್ನನ್ನು ಕರೆಯುತ್ತಿರಲಿಲ್ಲ. ಓಣಿಯ ತುದಿಯಲ್ಲಿದ್ದ ಪೋಸ್ಟ್‌ಮನ್ ಹತ್ತಿರ ಓದಿಸಿಕೊಂಡು ಬರುತ್ತಿದ್ದ.

ಎರಡು ವರ್ಷದ ಮೇಲೆ ನಾನು ಮನೆ ಕಟ್ಟಿಸಿದೆ. ಪಡಸಾಲೆಗೆ ಬೇಕಾದಷ್ಟು ಪರಸಿಯನ್ನು ಸಾಹುಕಾರರು ಗಾಡಿಯಲ್ಲಿ ಪುಕ್ಕಟೆ ಕಳಿಸಿದರು. ನಾನು ಇಳಿಸಿಕೊಂಡೆ. ಗೋಡೆಗೆ ಒರಗಿಸಿದ್ದ ಕಲ್ಲುಗಳನ್ನು ಅಪ್ಪ ಒಂದೊಂದಾಗಿ ನೋಡುತ್ತ ಹೋದ. ಅಂಚನ್ನು ಬೆರಳಿನಿಂದ ಸವರಿದ. ಅವು ಅವನೂ ಚಾಚಾನೂ ಕೊನೆಯ ದಿನಗಳಲ್ಲಿ ತಿಕ್ಕಿದ ಕಲ್ಲುಗಳು. ಎಷ್ಟೋ ತಿಂಗಳು ಗೋದಾಮಿನಲ್ಲಿ ಬಿದ್ದಿದ್ದವು. ನನಗೂ ನೋಡಿದ ಕೂಡಲೇ ಗೊತ್ತಾಗಿತ್ತು, ಅಂಥ ನುಣುಪು ಆಮೇಲೆ ಆ ಚಪ್ಪರದಿಂದ ಬರಲೇ ಇಲ್ಲ.

ಒಂದು ಕಲ್ಲನ್ನು ಮಲಗಿಸಿ, ಒಳಗಿನಿಂದ ತಂಬಿಗೆ ತಂದು ನೀರು ಸುರಿದ. ಕುಕ್ಕರಗಾಲಲ್ಲಿ ಕುಳಿತ. ನಾನೂ ಪಕ್ಕದಲ್ಲಿ ಕುಳಿತೆ. ನೀರು ಮೆಲ್ಲಗೆ ಆರಿತು. ಎಲ್ಲಿಯೂ ಗೆರೆ ಉಳಿಯಲಿಲ್ಲ. ಎಷ್ಟೋ ದಿನದಿಂದ ಹೇಳಬೇಕೆಂದುಕೊಂಡಿದ್ದು ಬಹಳ ಇತ್ತು. ಆದರೆ ಹೊರಗೆ ಬಂದದ್ದು ಇಷ್ಟೇ: "ಯಪ್ಪಾ, ಇವು ನೀನೂ ಚಾಚಾನೂ ಮಾಡಿದ್ದಲ್ಲೇನು?"

ಅಪ್ಪ ನನ್ನ ಕಡೆ ತಿರುಗಲಿಲ್ಲ. ಒದ್ದೆ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡ.

"ಯಾರೂ ಏನೂ ಮಾಡಿಲ್ಲಪಾ" ಎಂದ. "ಮೊದಲ ಹೆಂಗಿತ್ತೋ ಹಂಗೇ ಅದ ಕಲ್ಲು. ನೀರು ಹಾಕಿ ತಿಕ್ಕ್ಯಾರ, ಅಷ್ಟೇ."